ಆಟಿಸಂ ಬಗ್ಗೆ ಸಂಶೋಧನೆ ಮಾಡ್ತೀರಾ? ಸಿನಾಪ್ಸಿಸ್‌ಗೆ ಮೊದಲು ಆ ಮನೆಗೆ ಹೋಗಿ

ವಿಶೇಷ ಶಾಲೆ ನಡೆಸುವವರನ್ನು ಕೇಳಿ ನೋಡಿ. ಎಂ.ಎಸ್.ಡಬ್ಲ್ಯು, ಸೈಕಾಲಜಿ, ನರ್ಸಿಂಗ್ ಓದುವವರು ಪ್ರಶ್ನಾವಳಿ ಹಿಡಿದು ಬರುತ್ತಾರೆ. ಅಮ್ಮಂದಿರನ್ನು ಸಾಲಾಗಿ ಕೂರಿಸಿ ಟಿಕ್ ಹಾಕಿಸಿಕೊಳ್ಳುತ್ತಾರೆ. ಒಂದು ಗ್ರೂಪ್ ಫೋಟೊ. ಆಮೇಲೆ ಪತ್ತೆಯಿಲ್ಲ. ಏನು ಗೊತ್ತಾಯಿತು ಅಂತ ಆ ಅಮ್ಮಂದಿರಿಗೆ ಯಾರೂ ಬಂದು ಹೇಳುವುದಿಲ್ಲ. ಆಟಿಸಂ ಇರುವ ಹುಡುಗನನ್ನಂತೂ ಮೊದಲಿಂದಲೂ ಯಾರೂ ಏನೂ ಕೇಳಿರುವುದಿಲ್ಲ.

ಇದಕ್ಕೆ ಹೊಸಬರನ್ನಷ್ಟೇ ಬೈದರೆ ಆಗುವುದಿಲ್ಲ. ಅವರ ತಲೆ ಮೇಲೆ ಡೆಡ್‌ಲೈನ್ ಇರುತ್ತದೆ. ಗೈಡ್ ಕೊಟ್ಟ ವಿಷಯ ಇರುತ್ತದೆ. ಹಾಗಾಗಿ ಈ ಬರಹ ಹೊಸಬರಿಗೂ ಗೈಡ್‌ಗಳಿಗೂ. ಉದಾಹರಣೆಗೆ ಕೋಲಾರ ಜಿಲ್ಲೆಯನ್ನೇ ಇಟ್ಟುಕೊಳ್ಳೋಣ.

ಸಿನಾಪ್ಸಿಸ್‌ಗೆ ಮೊದಲು

ನೀವು 'ಆಟಿಸಂ ಇರುವ ಮಕ್ಕಳಲ್ಲಿ ಸಾಮಾಜಿಕ ಕೌಶಲದ ಕೊರತೆ' ಅಂತ ವಿಷಯ ಆರಿಸಿಕೊಂಡಿದ್ದೀರಿ ಅಂದುಕೊಳ್ಳಿ. ಅದರ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ ಬರೆದು ಕಳಿಸುವ ಮೊದಲು ಮುಳಬಾಗಿಲಿನ ಕಡೆ ಒಂದು ಮನೆಗೆ ಹೋಗುತ್ತೀರಿ. ಕೈಯಲ್ಲಿ ಫಾರ್ಮ್ ಇಲ್ಲ, ಸುಮ್ನೆ ಮಾತಾಡಲು. ಅಮ್ಮ ಹೇಳುತ್ತಾರೆ: "ಅದೆಲ್ಲ ಇರಲಿ, ಹದಿನೆಂಟು ತುಂಬಿ ಶಾಲೆ ಬಿಟ್ಟ ಮೇಲೆ ಇವನು ಎಲ್ಲಿಗೆ ಹೋಗಬೇಕಮ್ಮಾ?" ಹುಡುಗ ಫೋನಿನಲ್ಲಿ ಬಸ್ಸಿನ ಚಿತ್ರ ತೋರಿಸಿ ಕಿವಿ ಮುಚ್ಚಿಕೊಳ್ಳುತ್ತಾನೆ. ಬಸ್ ಅಂದ್ರೆ ಇಷ್ಟ, ಹಾರ್ನ್ ಅಂದ್ರೆ ಆಗಲ್ಲ. ನಿಮ್ಮ ನಿಜವಾದ ಪ್ರಶ್ನೆ ಇಲ್ಲಿದೆ. ಶಾಲೆ ಮುಗಿದ ಮೇಲೆ ಇವನು ಒಬ್ಬನೇ ಓಡಾಡಬೇಕಾದರೆ ಬಸ್ಸಿನಲ್ಲಿ ಏನೇನು ಬದಲಾಗಬೇಕು?

ಇದು ನಮ್ಮ ಕಡೆಯ ತಾಪತ್ರಯ ಮಾತ್ರ ಅಲ್ಲ. ಬ್ರಿಟನ್ನಿನಲ್ಲಿ ಸಂಶೋಧಕಿ ಲಿಜ್ ಪೆಲಿಕಾನೊ ಮತ್ತು ಜೊತೆಗಾರರು ಆಟಿಸಂ ಇರುವವರನ್ನು, ಮನೆಯವರನ್ನು, ಅವರ ಜೊತೆ ಕೆಲಸ ಮಾಡುವವರನ್ನು ಕೇಳಿ 2014ರಲ್ಲಿ ವರದಿ ಪ್ರಕಟಿಸಿದರು. ಜನರಿಗೆ ದಿನನಿತ್ಯದ ಬದುಕಿಗೆ ಆಗುವ ಸಂಶೋಧನೆ ಬೇಕಿತ್ತು. ದುಡ್ಡು ಮಾತ್ರ ಮಿದುಳು, ಜೀನ್ ಕಡೆಗೇ ಹೆಚ್ಚು ಹೋಗುತ್ತಿತ್ತು.

ಇನ್ನೊಂದು ಹೆಸರು ನೆನಪಿಟ್ಟುಕೊಳ್ಳಿ, ಡೇಮಿಯನ್ ಮಿಲ್ಟನ್. ಸ್ವತಃ ಆಟಿಸಂ ಇರುವ ಸಂಶೋಧಕ. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಅಂತ ಎಲ್ಲರೂ ಬರೆಯುತ್ತಿದ್ದಾಗ, 2012ರಲ್ಲಿ ಅವರು ಇದು ಎರಡೂ ಕಡೆಯ ಸಮಸ್ಯೆ ಅಂದರು. ಇವರಿಗೆ ಅವರು ಅರ್ಥವಾಗುವುದಿಲ್ಲ, ಅವರಿಗೂ ಇವರು ಅರ್ಥವಾಗುವುದಿಲ್ಲ. ಹೊರಗೆ ನಿಂತು ನೋಡಿದವರಿಗೆ ಹೊಳೆಯದ್ದು ಒಳಗಿದ್ದವರಿಗೆ ಹೊಳೆಯಿತು.

ಮನೆಗಳನ್ನು ಹುಡುಕುವುದು ಹೇಗೆ? ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಜನ ವಿ.ಆರ್.ಡಬ್ಲ್ಯು ಅಂತಾರೆ. ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ ಯಾವ ಶಾಲೆಯಲ್ಲಿ ಯಾವ ಮಗು ಅಂತ ಗೊತ್ತಿರುತ್ತದೆ. ಅವರು ಮೊದಲು ಮನೆಯವರನ್ನು ಕೇಳಲಿ, ಒಪ್ಪಿದವರ ನಂಬರ್ ಮಾತ್ರ ನಿಮಗೆ ಕೊಡಲಿ. ಥೆರಪಿಗೆ ಅಂತ ಬೆಂಗಳೂರಿಗೆ ಓಡಾಡುವ ಮನೆಗಳನ್ನಷ್ಟೇ ಆರಿಸಿಕೊಂಡರೆ ಬಸ್ ಚಾರ್ಜಿಗೂ ಯೋಚಿಸುವವರು ನಿಮ್ಮ ಲೆಕ್ಕದಲ್ಲೇ ಬರುವುದಿಲ್ಲ.

ಆಟಿಸಂ ಇರುವ ದೊಡ್ಡವರೂ ಒಬ್ಬಿಬ್ಬರು ಸಲಹೆಗಾರರಾಗಿರಲಿ. ಮುಖಾಮುಖಿ ಮೀಟಿಂಗ್ ಬೇಕೇ ಬೇಕು ಅಂತಿಲ್ಲ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಆಸ್ಪೈರ್ ಎಂಬ ತಂಡದಲ್ಲಿ ವಿಜ್ಞಾನಿಗಳೂ ಆಟಿಸಂ ಇರುವವರೂ ಸರಿಸಮ. ಅವರು ಟೈಪ್ ಮಾಡುವ ಚಾಟ್‌ನಲ್ಲೇ ಮೀಟಿಂಗ್ ನಡೆಸಿದರು. ನಿಮಗೆ ವಾಟ್ಸಾಪ್ ಸಾಕು. ಏನು ಚರ್ಚೆ ಅಂತ ಮುಂಚೆಯೇ ಬರೆದು ಕಳಿಸಿ, ಉತ್ತರಕ್ಕೆ ಒಂದೆರಡು ದಿನ ಬಿಡಿ.

ಅನುಮತಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ ಅದರಲ್ಲಿದೆ. ಅದರ 6ನೇ ಸೆಕ್ಷನ್ ಬಹಳಷ್ಟು ಗೈಡ್‌ಗಳ ಕಣ್ಣಿಗೂ ಬಿದ್ದಿರುವುದಿಲ್ಲ. ವಿಕಲಚೇತನರ ಮೇಲೆ ಸಂಶೋಧನೆ ಮಾಡಬೇಕಾದರೆ ಅವರಿಗೆ ಅರ್ಥವಾಗುವ ರೀತಿಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಜೊತೆಗೆ ಸರ್ಕಾರ ರಚಿಸುವ ಸಂಶೋಧನಾ ಸಮಿತಿಯ ಅನುಮತಿಯೂ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಸ್ವತಃ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಸ್ಥೆಗಳವರು ಇರಬೇಕು. ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವಾಗಲೇ ಈ ಸೆಕ್ಷನ್ ತೋರಿಸಿ, ಏನು ಮಾಡಬೇಕು ಅಂತ ಬರವಣಿಗೆಯಲ್ಲಿ ಕೇಳಿ.

ಮಕ್ಕಳ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿ ನೋಡಿ. ಅಪ್ಪ ಅಮ್ಮನ ಸಹಿ ಒಂದೇ ಸಾಲದು. 7ರಿಂದ 12 ವರ್ಷದವರ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರಾದರೆ 18ರವರೆಗೆ ಲಿಖಿತ ಸಮ್ಮತಿ ಬೇಕು. ಮಾತೇ ಆಡದ ಮಗುವಾದರೆ? ಚಿತ್ರದ ಕಾರ್ಡು ತೋರಿಸಿ ಕೇಳಿ. ಮಗು ಎದ್ದು ಒಳಗೆ ಹೋಯಿತು ಅಂದರೆ ಬೇಡ ಅಂತಲೇ ಅರ್ಥ. ಅಜ್ಜಿ ಎಳೆದುಕೊಂಡು ಬಂದು ಕೂರಿಸಲು ಹೋದರೆ ತಡೆಯಿರಿ. ಆವತ್ತಿನ ಕೆಲಸ ಮುಗಿಯಿತು.

ಪ್ರಶ್ನಾವಳಿ

ಬೆಲೆ ಜಾಸ್ತಿಯಿರುವ ವಿದೇಶಿ ಕಿಟ್‌ಗಳ ಹಿಂದೆ ಬೀಳಬೇಡಿ. ನಮ್ಮಲ್ಲೇ ತಯಾರಾದ ಐ.ಎಸ್.ಎ.ಎ. (ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ) ಎಂಬ ಅಳತೆಪಟ್ಟಿ ಇದೆ. 40 ಅಂಶಗಳು, 70 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಆಟಿಸಂ ಅಂತ ಲೆಕ್ಕ. ವೈಕಲ್ಯ ಪ್ರಮಾಣಪತ್ರಕ್ಕೂ ಇದನ್ನೇ ಬಳಸುತ್ತಾರೆ. ಆದರೆ ತರಬೇತಿ ಆದವರ ಜೊತೆ ಕೂತು ಮಾಡಿ. ನೀವೇ ಅಂಕ ಕೂಡಿಸಿ ಮನೆಯವರಿಗೆ ಹೇಳಿಬಿಡಬೇಡಿ.

ಅದರ ಮೊದಲ ಅಂಶವೇ ಕಣ್ಣಲ್ಲಿ ಕಣ್ಣಿಟ್ಟು ನೋಡುವುದರ ಬಗ್ಗೆ. ನಮ್ಮ ಹಳ್ಳಿಯಲ್ಲಿ ಹೊಸಬರು ಬಂದರೆ ಯಾವ ಮಗು ಹಾಗೆ ನೋಡುತ್ತದೆ? ದೊಡ್ಡವರ ಮುಂದೆ ತಲೆ ತಗ್ಗಿಸು ಅಂತಲೇ ಬೆಳೆಸಿರುತ್ತೇವೆ, ಅಲ್ವಾ? ಆದ್ದರಿಂದ ನಿಮ್ಮನ್ನು ನೋಡಿತೋ ಇಲ್ಲವೋ ಅನ್ನುವುದಕ್ಕಿಂತ, ಊಟ ತಿನ್ನಿಸುವಾಗ ಅಜ್ಜಿಯ ಮುಖ ನೋಡುತ್ತದಾ, ಅಣ್ಣನ ಜೊತೆ ಆಡುವಾಗ ನೋಡುತ್ತದಾ ಅಂತ ಕೇಳಿ.

ಮನೆಮಾತು ಯಾವುದು ಅಂತ ಮೊದಲೇ ತಿಳಿದುಕೊಳ್ಳಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆ.ಜಿ.ಎಫ್.ನಲ್ಲಿ ತಮಿಳು. ಉರ್ದು ಮನೆಗಳೂ ಇವೆ. ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರ ಬರಲಿಲ್ಲ ಅಂತ ಅಂಕ ಹಾಕಿದರೆ ನೀವು ಅಳೆದದ್ದು ಆಟಿಸಂ ಅಲ್ಲವೇ ಅಲ್ಲ.

ಹೋಗುವ ದಿನ

ಡೇರಿಗೆ ಹಾಲು ಹಾಕುವ ಹೊತ್ತು ಬಿಡಿ, ಬೆಳಿಗ್ಗೆಯೂ ಸಂಜೆಯೂ. ಟೊಮೆಟೊ ಕೀಳುವ ವಾರವಾದರೆ ಮುಂದೂಡಿ. ನಿಮ್ಮ ಫೋಟೊ, ಬರುವ ಸಮಯ, ಎಷ್ಟು ಹೊತ್ತು ಇರುತ್ತೀರಿ ಅನ್ನುವುದನ್ನು ಹಿಂದಿನ ದಿನವೇ ಕಳಿಸಿ. ಹೇಳಿದ ಸಮಯಕ್ಕೆ ಹೋಗಿ, ಹೇಳಿದ ಸಮಯಕ್ಕೆ ಏಳಿ. ಸೆಂಟ್ ಹಾಕಿಕೊಳ್ಳಬೇಡಿ. ಕುಕ್ಕರ್ ಕೂಗುವಾಗ ಮಾತು ನಿಲ್ಲಿಸಿ. ಟ್ಯೂಬ್‌ಲೈಟ್ ಮಿಣುಕುತ್ತಿದ್ದರೆ ಜಗಲಿಗೆ ಬಂದು ಕೂರಿ. ಒಂದು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಉತ್ತರ ನಿಧಾನವಾಗಿ ಬರುತ್ತದೆ, ನಡುವೆ ನೀವು ಇನ್ನೊಂದು ಪ್ರಶ್ನೆ ತುರುಕಿದರೆ ಮೊದಲಿನದೂ ಹೋಯಿತು. ಹುಡುಗನ ಎದುರೇ ಅವನ ಬಗ್ಗೆ ಅಮ್ಮನ ಹತ್ತಿರ ಮಾತಾಡುವ ಚಾಳಿಯನ್ನಂತೂ ಬಿಟ್ಟುಬಿಡಿ.

ಕೂಲಿ ಬಿಟ್ಟು ಕೂತವರಿಗೆ ಅವತ್ತಿನ ಕೂಲಿ, ಬಂದವರಿಗೆ ಬಸ್ ಚಾರ್ಜು ಕೊಡಿ. ಐ.ಸಿ.ಎಂ.ಆರ್. ಮಾರ್ಗಸೂಚಿಯಲ್ಲಿ ಇದಕ್ಕೆ ಅವಕಾಶ ಇದೆ. ಎಥಿಕ್ಸ್ ಅರ್ಜಿಯಲ್ಲೇ ಮೊತ್ತ ಬರೆಯಿರಿ.

ಗೈಡ್‌ಗಳಿಗೆ

ಇಷ್ಟೆಲ್ಲ ಮಾಡು ಅಂದು ಕೈ ತೊಳೆದುಕೊಳ್ಳುವುದು ಸುಲಭ. ಜೆ.ಆರ್.ಎಫ್. ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅದು ಸಿಗದವರೇ ಜಾಸ್ತಿ. ಅಂಥವರ ಜೇಬಿನಿಂದ ಕೂಲಿ, ಬಸ್ ಚಾರ್ಜು ಕೊಡಿಸಬೇಡಿ, ವಿಭಾಗದಿಂದ ಹಣ ಕೊಡಿಸಿ. ಯು.ಜಿ.ಸಿ.ಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 6 ವರ್ಷ. ಜನರ ಪರಿಚಯಕ್ಕೆ ಹೋಗುವ ಮೊದಲ ತಿಂಗಳುಗಳನ್ನು 'ಇನ್ನೂ ಡೇಟಾ ಬಂದಿಲ್ಲವಾ' ಅಂತ ಕೇಳದೆ ಕೆಲಸ ಅಂತಲೇ ಲೆಕ್ಕ ಹಾಕಿ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. 'ನಾನು ಸತ್ತ ಮೇಲೆ ಇವನ ಗತಿ ಏನು' ಅಂತ ಅಮ್ಮ ಅತ್ತರೆ, ಸಂಶೋಧನೆಗೆ ಹೋದ ಇಪ್ಪತ್ತೈದು ವರ್ಷದ ಹುಡುಗಿ ಅದನ್ನು ಹೊತ್ತುಕೊಂಡೇ ಹಾಸ್ಟೆಲ್‌ಗೆ ವಾಪಸ್ ಬರುತ್ತಾಳೆ. ಫೀಲ್ಡಿನಿಂದ ಬಂದ ದಿನ ಅವಳ ಜೊತೆ ಕೂತು ಮಾತಾಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಅವಳ ಹತ್ತಿರವೂ ಇರಲಿ, ಆ ಮನೆಯವರ ಹತ್ತಿರವೂ ಇರಲಿ.

ನಿಮ್ಮ ವಿದ್ಯಾರ್ಥಿಗೇ ಆಟಿಸಂ ಇರಬಹುದು. ವೈಕಲ್ಯ 40 ಪರ್ಸೆಂಟಿಗಿಂತ ಜಾಸ್ತಿ ಇದ್ದರೆ ಪಿಎಚ್.ಡಿ.ಗೆ 2 ವರ್ಷ ಹೆಚ್ಚುವರಿ ಸಮಯ ಕೊಡಲು ಅದೇ 2022ರ ನಿಯಮದಲ್ಲಿ ಅವಕಾಶ ಇದೆ. ಪ್ರಮಾಣಪತ್ರ ಇಲ್ಲದವರಿಗೂ ನೀವು ಮಾಡಬಹುದಾದದ್ದಿದೆ. ಸಲಹೆಯನ್ನು ಕಾರಿಡಾರಿನಲ್ಲಿ ಹೇಳದೆ ಬರೆದು ಕೊಡಿ. 'ಸ್ವಲ್ಪ ಇಂಪ್ರೂವ್ ಮಾಡಿ' ಅನ್ನಬೇಡಿ, ಯಾವ ಪುಟ, ಯಾವ ಪ್ಯಾರಾ ಅಂತ ಹೇಳಿ. ಮೀಟಿಂಗ್ ಸಮಯವನ್ನು ಕೊನೇ ಗಳಿಗೆಯಲ್ಲಿ ಬದಲಿಸಬೇಡಿ. ಇದು ಎಲ್ಲ ವಿದ್ಯಾರ್ಥಿಗಳಿಗೂ ಒಳ್ಳೆಯದೇ.

ವಾಪಸ್ ಹೋಗುವುದು

ಥೀಸಿಸ್ ಇಂಗ್ಲಿಷಿನಲ್ಲಿ ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರ ಸೇರುತ್ತದೆ. ಮುಳಬಾಗಿಲಿನ ಅಮ್ಮ ಅಲ್ಲಿಗೆ ಹೋಗಿ ಓದುವುದಿಲ್ಲ. ಎರಡು ಪುಟ ಕನ್ನಡದಲ್ಲಿ ಬರೆಯಿರಿ, ತೆಲುಗಿನಲ್ಲಿ ಒಂದು ವಾಯ್ಸ್ ಮೆಸೇಜ್ ಮಾಡಿ. ಅಚ್ಚಿಗೆ ಹೋಗುವ ಮುಂಚೆ ಕಳಿಸಿ, 'ನಾವು ಹೇಳಿದ್ದು ಇದಲ್ಲ' ಅಂದರೆ ತಿದ್ದಲು ಸಮಯ ಇರಲಿ. ಪ್ರಶ್ನೆ ರೂಪಿಸುವುದರಿಂದ ಬರವಣಿಗೆಯವರೆಗೆ ಜೊತೆಗಿದ್ದ ಸಲಹೆಗಾರರು ಒಪ್ಪಿದರೆ ಲೇಖನದಲ್ಲಿ ಸಹಲೇಖಕರಾಗಿ ಅವರ ಹೆಸರು ಹಾಕಿ. ಬರೀ ಕೃತಜ್ಞತೆಯ ಸಾಲಿಗೆ ತಳ್ಳಬೇಡಿ.

ಆ ಎರಡು ಪುಟದ ಒಂದು ಪ್ರತಿಯನ್ನು ಹೆಸರು, ಊರು ತೆಗೆದು ಬಿ.ಆರ್.ಸಿ.ಗೆ, ಇನ್ನೊಂದನ್ನು ನಿಮ್ಮ ವಿಭಾಗಕ್ಕೆ ಕೊಡಿ. ಮುಂದಿನ ವರ್ಷ ಬರುವವರು ಅದೇ ಮನೆಗೆ ಅದೇ ಪ್ರಶ್ನೆ ಹಿಡಿದು ಹೋಗುವುದಾದರೂ ತಪ್ಪುತ್ತದೆ.