ಮೊದಲು ಕುದುರೆಯ ಕಾಲು ನೋಡಿ: ಪುಟ್ಟ ಸವಾರರ ಕೆತ್ತನೆ ಅಳೆಯುವುದು ಹೇಗೆ?

ವಾರ್‌ಗೇಮ್‌ಗೆ, ಅಂದರೆ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆ ಇಟ್ಟು ಆಡುವ ಯುದ್ಧದಾಟಕ್ಕೆ, ಕುದುರೆ ಸವಾರರ ಮಿನಿಯೇಚರ್ ಕೊಳ್ಳುವಾಗ ನಮ್ಮ ಕಣ್ಣು ಮೊದಲು ಹೋಗುವುದು ಸವಾರನ ಮೀಸೆ, ಪೇಟ, ಕತ್ತಿಯ ಕಡೆಗೆ. ಆದರೆ ಕೆತ್ತಿದವರ ಕೈ ಎಷ್ಟು ಪಳಗಿದೆ ಅಂತ ಹೇಳುವುದು ಕುದುರೆ. ಅದರಲ್ಲೂ ಅದರ ಕಾಲು.

ಬಣ್ಣ ಹಚ್ಚದ ಗೊಂಬೆಯನ್ನೇ ಕೈಗೆತ್ತಿಕೊಳ್ಳಿ. ಒಳ್ಳೆ ಬಣ್ಣ ಸಾಧಾರಣ ಕೆತ್ತನೆಯನ್ನೂ ಮುಚ್ಚಿಬಿಡುತ್ತದೆ. ನಮ್ಮ ಮಲೆನಾಡಿನ ಮಳೆಗಾಲದ ಮಬ್ಬು ಬೆಳಕು ಸಾಲದು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ, ಉಬ್ಬು ತಗ್ಗು ಎದ್ದು ಕಾಣುತ್ತದೆ.

ಈಗ ಅಳತೆ. ಇಂಥ ಗೊಂಬೆಗಳ ಅಳತೆ 28 ಮಿ.ಮೀ. ಎಂದರೆ ಸಾಮಾನ್ಯವಾಗಿ ನಿಂತ ಕಾಲಾಳಿನ ಪಾದದಿಂದ ಕಣ್ಣಿನವರೆಗಿನ ಎತ್ತರ. 1763ರಲ್ಲಿ ಬಿದನೂರನ್ನು, ಅಂದರೆ ಈಗಿನ ನಗರವನ್ನು, ಗೆದ್ದ ಹೈದರಾಲಿಯ ದಳ ಕಟ್ಟುತ್ತೀರಿ ಅಂದುಕೊಳ್ಳಿ. ಕುದುರೆ 145 ಸೆಂ.ಮೀ. ಎತ್ತರದ್ದು ಅಂತ ಹಿಡಿದರೆ, ಅದರ ಕುತ್ತಿಗೆ ಬೆನ್ನಿಗೆ ಸೇರುವ ಉಬ್ಬು ಪಕ್ಕದ ಕಾಲಾಳಿನ ಗಲ್ಲದ ಹತ್ತಿರ ಬರಬೇಕು. ಎದೆಯಿಂದ ಪೃಷ್ಠದವರೆಗಿನ ಉದ್ದ ತಲೆಯ ಉದ್ದದ ಸುಮಾರು ಎರಡೂವರೆ ಪಟ್ಟು ಇರಲಿ.

ಕಾಲಿಗೆ ಜಾಸ್ತಿ ಹೊತ್ತು ಕೊಡಿ. ಮುಂಗಾಲಿನ ಮಂಡಿ ಮುಂದಕ್ಕೆ ಬಾಗುತ್ತದೆ. ಹಿಂಗಾಲಿನ ಗಂಟು ಹಿಂದಕ್ಕೆ ಚಾಚಿರುತ್ತದೆ, ಮುಂದಿನ ಮಂಡಿಗಿಂತ ತುಸು ಮೇಲಿರುತ್ತದೆ. ನಾಲ್ಕೂ ಮಂಚದ ಕಾಲಿನ ಹಾಗೆ ಒಂದೇ ತರ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕುಕ್ಕುಲೋಟದಲ್ಲಿ, ಅಂದರೆ ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟದಲ್ಲಿ, ಎಡ ಮುಂಗಾಲು, ಬಲ ಹಿಂಗಾಲು ಜೊತೆಯಾಗಿ ಏಳುತ್ತವೆ, ಆಮೇಲೆ ಇನ್ನೊಂದು ಜೋಡಿ. ನಾಗಾಲೋಟದಲ್ಲಿ ನಾಲ್ಕೂ ಕಾಲು ನೆಲ ಬಿಡುವುದು ಹೊಟ್ಟೆಯಡಿ ಮಡಚಿಕೊಂಡಾಗ. ಮುಂದೆ ಹಿಂದೆ ಚಾಚಿದಾಗ ಅಲ್ಲ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ, ಓಡುವ ಕುದುರೆಯ ಫೋಟೊಗಳಲ್ಲಿ ಇದು ಸ್ಪಷ್ಟವಾಯಿತು. ಇಷ್ಟು ವರ್ಷವಾದರೂ ಚಾಚಿದ ಕಾಲಿನ ಕುದುರೆಗಳು ಮಾರಾಟಕ್ಕೆ ಬರುತ್ತಿರುವುದು ನನಗೆ ನಿಜಕ್ಕೂ ಬೇಸರ.

ಸವಾರ ಬೇರೆ ತುಂಡಾಗಿದ್ದರೆ ಅಂಟು ಹಾಕದೆ ಕೂರಿಸಿ ನೋಡಿ. ತೊಡೆ ಜೀನಿಗೆ ಒತ್ತಿಕೊಂಡಿರಬೇಕು. ಕೆಳಗೆ ಸಂದು ಕಂಡರೆ ಅವನು ಸವಾರಿ ಮಾಡುತ್ತಿಲ್ಲ, ಸುಮ್ನೆ ಮೇಲೆ ಇಟ್ಟಿದ್ದಾರೆ ಅಷ್ಟೇ.

ಕೆತ್ತನೆಯ ಆಳ ಗೊತ್ತಾಗಬೇಕಾದರೆ ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ವೀರಗಲ್ಲುಗಳನ್ನು ಹತ್ತಿರದಿಂದ ನೋಡಿ ಬನ್ನಿ. ಶತಮಾನಗಳ ಮಳೆಗೆ ಸವೆದ ಕಲ್ಲಿನಲ್ಲೂ ಆಳವಾಗಿ ಕಡೆದ ಗೆರೆ ಉಳಿದಿರುತ್ತದೆ. ಗೊಂಬೆಯ ಲಗಾಮು, ಬಟ್ಟೆಯ ಮಡಿಕೆ ಕೂಡ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಲೇಪದ, ಕೆಳಗೆ ಮುಚ್ಚಿಹೋಗದಷ್ಟು ಆಳವಿರಲಿ. ಕತ್ತಿ ದಪ್ಪ ಅಂತ ತಳ್ಳಿಹಾಕಬೇಡಿ. 5 ಮಿ.ಮೀ. ದಪ್ಪದ ಅಲಗನ್ನು ಈ ಅಳತೆಗೆ ಇಳಿಸಿದರೆ 0.1 ಮಿ.ಮೀ. ಕೂಡ ಉಳಿಯಲ್ಲ, ಮುಟ್ಟಿದರೆ ಮುರಿಯುತ್ತದೆ.

ಕೊನೆಗೆ ಅಚ್ಚಿನ ಗೆರೆ (ಅಚ್ಚಿನ ಎರಡು ಭಾಗ ಸೇರುವಲ್ಲಿ ಏಳುವುದು), ಗಾಳಿಗುಳ್ಳೆ. ಇವು ಎರಕದ ದೋಷ, ಶಿಲ್ಪಿಯದ್ದಲ್ಲ. ತೆಳು ಗೆರೆ ಅರದಲ್ಲಿ ಹೋಗುತ್ತದೆ. ಮುಖದ ಮೇಲೋ ಕೇಸರದ ಮೇಲೋ ಹಾದಿದ್ದರೆ ಮಾತ್ರ ಬೇರೆ ಗೊಂಬೆ ಕೇಳಿ.