ಇಪ್ಪತ್ನಾಲ್ಕು ಮನೆ, ಒಂದು ದಿನಸಿ ಅಂಗಡಿ

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿ, ಮೂರು ಸಾವಿರ ಜನರ ಒಂದು ಊರಲ್ಲಿ ನಾವು ಕಮ್ಮಿ ಆದಾಯದವರಿಗಾಗಿ 24 ಬಾಡಿಗೆ ಮನೆ ಕಟ್ಟಿದೆವು. ಫೋನಲ್ಲಿ ಹೇಳಿದಾಗ ಅಮ್ಮ ಕೇಳಿದರು, "ನಮ್ಮ ಆಶ್ರಯ ಮನೆ ತರಾನಾ?" ಅಲ್ಲಮ್ಮ. ಈ ವ್ಯವಸ್ಥೆಯಲ್ಲಿ ಸರ್ಕಾರ ಮನೆ ಕೊಡಲ್ಲ, ಕೈಗೆ ದುಡ್ಡೂ ಕೊಡಲ್ಲ. ಇಷ್ಟು ತೆರಿಗೆ ಬಿಡ್ತೀನಿ ಅಂತ ಒಂದು ಚೀಟಿ ಕೊಡುತ್ತೆ. ಅದನ್ನು ಮಾರಿ ನಾವು ಕಟ್ಟಿಕೊಳ್ಳಬೇಕು.

1986ರ ತೆರಿಗೆ ಕಾನೂನಿನಿಂದ ಬಂದ ವ್ಯವಸ್ಥೆ ಇದು. ನಮ್ಮ ಲೆಕ್ಕ ಹೀಗಿತ್ತು. ಜಾಗದ ಬೆಲೆ ಸೇರುವುದಿಲ್ಲ. ಕಟ್ಟಡದ ಖರ್ಚು 60 ಲಕ್ಷ ಡಾಲರ್. ಅದರ ಶೇ 9 ಅಂದರೆ ವರ್ಷಕ್ಕೆ 5.4 ಲಕ್ಷ, ಹತ್ತು ವರ್ಷಕ್ಕೆ 54 ಲಕ್ಷದ ಕ್ರೆಡಿಟ್, ಅಂದರೆ ತೆರಿಗೆಯಲ್ಲಿ ಅಷ್ಟು ಕಡಿತ. ಅಷ್ಟು ತೆರಿಗೆ ಕಟ್ಟುವಷ್ಟು ಆದಾಯ ನಮಗೆಲ್ಲಿದೆ? ಒಂದು ಬ್ಯಾಂಕು ಡಾಲರಿಗೆ 85 ಸೆಂಟ್‌ನಂತೆ ಹಣ ಹಾಕಿತು. ಸುಮಾರು 46 ಲಕ್ಷ ಬಂತು. ಕಾಗದದಲ್ಲಿ ಆ ಬ್ಯಾಂಕಿನದು ಶೇ 99.99 ಪಾಲು, ನಮ್ಮದು 0.01. ತಲೆನೋವೆಲ್ಲ ಮಾತ್ರ ನಮ್ಮದೇ.

ಕ್ರೆಡಿಟ್ ಸುಮ್ನೆ ಸಿಗಲ್ಲ. ರಾಜ್ಯದ ವಸತಿ ಸಂಸ್ಥೆ ಅಂಕ ಹಾಕಿ ಹಂಚುತ್ತದೆ. ಮೊದಲ ವರ್ಷ ಸೋತಿದ್ದು ಒಂದು ದಿನಸಿ ಅಂಗಡಿಯಿಂದ. ಜಾಗದ ಹತ್ತಿರ ದಿನಸಿ ಅಂಗಡಿ ಇದ್ದರೆ ಅಂಕ ಜಾಸ್ತಿ. ಊರಲ್ಲಿ ಇದ್ದದ್ದೇ ಒಂದು. ಅರ್ಜಿ ಹಾಕುವ ಮೂರು ವಾರ ಮೊದಲು ಅದು ಬಾಗಿಲು ಮುಚ್ಚಿತು! ಪಕ್ಕದಲ್ಲೇ ಅಗ್ಗದ ಸಾಮಾನಿನ ಅಂಗಡಿ ಇತ್ತು, ಆದರೆ ತಾಜಾ ತರಕಾರಿ ಇಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಮರುವರ್ಷ ಬೇರೆ ಯಾರೋ ಅಂಗಡಿ ತೆರೆದರು. ನಾವು ಟೇಪು ಹಿಡಿದು ದೂರ ಅಳೆದು ಮತ್ತೆ ಅರ್ಜಿ ಹಾಕಿದೆವು.

ಉಳಿದ ದುಡ್ಡಿಗೆ ಸಾಲ ಅಂದುಕೊಂಡಿದ್ದೆ. ಪುಟ್ಟ ಊರಲ್ಲಿ ಕಷ್ಟ ಇರೋದೇ ಇಲ್ಲಿ. ಬಾಡಿಗೆಯ ಗರಿಷ್ಠ ಮಿತಿ ಆ ಭಾಗದ ಆದಾಯದ ಮೇಲೆ ನಿಂತಿದೆ. ಎರಡು ಬೆಡ್‌ರೂಮಿನ ಮನೆಗೆ ಮೂರು ಜನ ಅಂತ ಲೆಕ್ಕ. ಅವರ ಆದಾಯ ಮಿತಿಯ ಶೇ 30ರಲ್ಲಿ ಕರೆಂಟು, ಗ್ಯಾಸಿನ ಅಂದಾಜು ಕಳೆದರೆ ಉಳಿದದ್ದೇ ಬಾಡಿಗೆ. ಸಂಬಳ ಕಮ್ಮಿ ಇರೋ ಊರಲ್ಲಿ ಬಾಡಿಗೆಯೂ ಕಮ್ಮಿ. ಆದರೆ ಇನ್ಶೂರೆನ್ಸ್, ಹಿಮ ತೆಗೆಯುವ ಗುತ್ತಿಗೆ, ಲೆಕ್ಕಪರಿಶೋಧನೆ, ಇವು ದೊಡ್ಡ ಊರಿನಷ್ಟೇ. ಅದನ್ನೂ 24 ಮನೆಗಳೇ ಹೊರಬೇಕು. ಕೊನೆಗೆ ಸಾಲ ತೀರಾ ಸಣ್ಣದಾಯಿತು, ಕಟ್ಟಿಸಿದ್ದಕ್ಕೆ ನಮಗೆ ಬರಬೇಕಿದ್ದ ಶುಲ್ಕದ ಒಂದು ಭಾಗವನ್ನು ನಾವೇ ಮುಂದಕ್ಕೆ ಹಾಕಿಕೊಂಡೆವು.

ಕಟ್ಟೋದು ಹೇಗೋ ಮುಗಿಯಿತು. ಬಾಡಿಗೆದಾರರ ಫೈಲುಗಳೇ ನಿಜವಾದ ಕೆಲಸ. ಪ್ರತಿ ಮನೆಗೂ ಸಂಬಳ ಚೀಟಿ, ಬ್ಯಾಂಕ್ ಪುಸ್ತಕ, ಜೀವನಾಂಶ, ಎಲ್ಲಾ ನೋಡಿ ಮುಂದಿನ ಹನ್ನೆರಡು ತಿಂಗಳ ಆದಾಯ ಅಂದಾಜಿಸಬೇಕು. ಊರಿನ ವೃದ್ಧಾಶ್ರಮದಲ್ಲಿ ಕೆಲಸ ಮಾಡುವ ಒಬ್ಬಾಕೆ ಇಬ್ಬರು ಮಕ್ಕಳೊಂದಿಗೆ ಬಂದಿದ್ದರು. ಆದಾಯ ಮಿತಿ ಆ ಭಾಗದ ಮಧ್ಯಮ ಆದಾಯದ ಶೇ 60. ಜನ ಸಾಲದೆ ಆಕೆ ಎರಡು ತಿಂಗಳು ಓವರ್‌ಟೈಮ್ ಮಾಡಿದ್ದರು. ಅದನ್ನು ಸೇರಿಸಿದರೆ 340 ಡಾಲರ್ ಮೀರಿತು. ವರ್ಷಕ್ಕೆ, ತಿಂಗಳಿಗಲ್ಲ. ಮೂರು ಸಲ ಕೂಡಿದೆ, ಅಷ್ಟೇ ಬಂತು. ಒಳಗೆ ಬಂದ ಮೇಲೆ ಸಂಬಳ ಏರಿದರೆ ಯಾರೂ ಹೊರಗೆ ಹಾಕಲ್ಲ. ಬಾಗಿಲಲ್ಲಿ ಮಾತ್ರ ಒಂದು ಡಾಲರೂ ಬಿಡೋ ಹಾಗಿಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ. 2018ರಿಂದ ಇನ್ನೊಂದು ದಾರಿ ಇದೆ: ಎಲ್ಲ ಮನೆಗಳ ಮಿತಿಯ ಸರಾಸರಿ ಶೇ 60 ಮೀರದಿದ್ದರೆ ಸಾಕು, ಕೆಲವು ಮನೆಗೆ ಶೇ 80ರವರೆಗೂ ಹೋಗಬಹುದು. ಕಾಗದ ಪತ್ರ ಸರಳ ಇರಲಿ ಅಂತ ನಾನೇ ಬೇಡ ಅಂದಿದ್ದೆ. ತೆರಿಗೆ ಇಲಾಖೆಯ 8609 ಫಾರ್ಮಿನಲ್ಲಿ ಈ ಆಯ್ಕೆಯನ್ನು ಒಮ್ಮೆ ಬರೆದರೆ ಬದಲಿಸೋಕಾಗಲ್ಲ.

ಏಪ್ರಿಲ್‌ನಲ್ಲಿ ಹೊಸ ಆದಾಯ ಮಿತಿ ಬಂತು, ಸ್ವಲ್ಪ ಏರಿತ್ತು. ಅದೇ ದಿನ ಆಕೆಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರು ಮೂವತ್ತೈದು ಮೈಲಿ ಆಚೆಯ ಊರಲ್ಲಿ ಒಂದು ವರ್ಷದ ಕರಾರಿಗೆ ಸಹಿ ಹಾಕಿಯಾಗಿತ್ತು.