ತಾಲ್ಲೂಕು ಪಟ್ಟಣದಲ್ಲಿ ತೆರಿಗೆ ರಿಟರ್ನ್ ಕಚೇರಿ ನಡೆಸುವ ಬಗೆ

ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಸಣ್ಣ ಕಚೇರಿಗೆ ಒಂದು ಕಂಪ್ಯೂಟರ್, ಸ್ಕ್ಯಾನರ್ ಮತ್ತು ಬೀಗ ಹಾಕುವ ಬೀರು ಸಾಕು. ಹೆಚ್ಚಿನ ಬಂಡವಾಳ ಬೇಕಿಲ್ಲ. ವೃತ್ತಿ ತೆರಿಗೆಯ ನೋಂದಣಿಯನ್ನು ಮೊದಲೇ ಮಾಡಿಸಿ, ವರ್ಷದ 2,500 ರೂಪಾಯಿಯನ್ನು ತಪ್ಪದೆ ಕಟ್ಟಬೇಕು. ರಿಟರ್ನ್ ತುಂಬಲು ನೆರವಾಗುವುದು ಬೇರೆ, ತೆರಿಗೆ ಅಧಿಕಾರಿಯ ಮುಂದೆ ಮತ್ತೊಬ್ಬರ ಪರವಾಗಿ ಹಾಜರಾಗುವುದು ಬೇರೆ. ಎರಡನೆಯದಕ್ಕೆ ಕಾಯ್ದೆ ಹೇಳುವ ಅರ್ಹತೆ ಬೇಕು. ನಿಮಗೆ ಅದು ಇಲ್ಲದಿದ್ದರೆ, ನಂಬಿಕೆಯ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರೊಂದಿಗೆ ಆರಂಭದಲ್ಲೇ ಮಾತಾಡಿಕೊಂಡಿರಿ.

ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗುವುದಕ್ಕೆ ಮೊದಲು ನೀವು ಕೇಳುವ ಪ್ರಶ್ನೆಗಳಲ್ಲೇ ಈ ಕೆಲಸದ ಮುಕ್ಕಾಲು ಪಾಲು ಇದೆ. ಮಲೆನಾಡಿನ ಶಿಕ್ಷಕರೊಬ್ಬರು ಸಂಬಳ ಮತ್ತು ಅದರಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16 ಒಂದನ್ನೇ ಹಿಡಿದು ಬಂದು, ‘ಸಂಬಳ ಬಿಟ್ಟು ಬೇರೇನೂ ಇಲ್ಲ ಸಾರ್’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅಡಿಕೆ ತೋಟದ ಹುಟ್ಟುವಳಿಗೆ ತೆರಿಗೆ ಇಲ್ಲವೆಂದು ಗೊತ್ತಿರುವುದರಿಂದ ಅದನ್ನು ಹೇಳಬೇಕೆಂದು ಅವರಿಗೆ ತೋಚುವುದೇ ಇಲ್ಲ. ಆದರೆ ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಸರಳ ರಿಟರ್ನ್ ನಮೂನೆಯಾದ ಐಟಿಆರ್-1 ನಡೆಯುವುದಿಲ್ಲ, ಹೆಚ್ಚಿನ ವಿವರ ಕೇಳುವ ಐಟಿಆರ್-2 ತುಂಬಬೇಕು. ಉಳಿದ ಆದಾಯ ತೆರಿಗೆಯೇ ಇಲ್ಲದ ಮೂಲ ವಿನಾಯಿತಿ ಮಿತಿಯನ್ನು ದಾಟಿದ್ದಲ್ಲಿ ಸಂಬಳದ ಮೇಲಿನ ತೆರಿಗೆಯ ದರವನ್ನು ನಿರ್ಧರಿಸಲು ಈ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ನಿವ್ವಳ ಕೃಷಿ ಆದಾಯ 5 ಲಕ್ಷ ದಾಟಿದರೆ ಜಮೀನಿರುವ ಜಿಲ್ಲೆ, ಪಿನ್ ಕೋಡ್, ಎಕರೆ, ಸ್ವಂತದ್ದೋ ಗೇಣಿಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೆಲ್ಲ ಕೊಡಬೇಕು. ಆದ್ದರಿಂದ ಪಹಣಿಯನ್ನೂ ಮಂಡಿಯ ಲೆಕ್ಕಪಟ್ಟಿಯನ್ನೂ ತರಿಸಿಕೊಳ್ಳಿ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಯಾರ ಪಾಲಿಗೆ ಎಷ್ಟು ಬಂತೆಂದು ಬರೆದುಕೊಳ್ಳಿ. ಬಳಿಕ ಎಐಎಸ್ (ಇಲಾಖೆಗೆ ತಿಳಿದುಬಂದ ಆದಾಯ, ವ್ಯವಹಾರಗಳ ವಾರ್ಷಿಕ ಪಟ್ಟಿ) ಮತ್ತು 26ಎಎಸ್ (ಅವರ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಎರಡನ್ನೂ ಪೋರ್ಟಲ್‌ನಿಂದ ಇಳಿಸಿಕೊಂಡು ಪಾಸ್‌ಬುಕ್‌ಗಳೊಡನೆ ಸಾಲು ಸಾಲಾಗಿ ತಾಳೆ ನೋಡಬೇಕು. ಊರಿನ ಸಹಕಾರ ಸಂಘದ ಠೇವಣಿಯ ಬಡ್ಡಿಗೆ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯದೆ ಇರುವುದರಿಂದ ಅದು ಎಐಎಸ್‌ನಲ್ಲಿ ಕಾಣದೆ ಹೋಗಬಹುದು, ಆದರೂ ಅದು ತೆರಿಗೆಗೆ ಒಳಪಡುವ ಆದಾಯವೇ. ಸಂಘದ ಪಾಸ್‌ಬುಕ್ಕನ್ನು ಹೆಸರು ಹೇಳಿ ಕೇಳದಿದ್ದರೆ ಯಾರೂ ತರುವುದಿಲ್ಲ.

ಪೋರ್ಟಲ್‌ನಲ್ಲಿ ಕಕ್ಷಿದಾರರ ಸ್ವಂತ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಇರಬೇಕೇ ಹೊರತು ನಿಮ್ಮದಲ್ಲ. ಒಟಿಪಿಗಾಗಿ ಕಾಯುವ ತೊಂದರೆ ತಪ್ಪಲೆಂದು ಅನೇಕರು ತಮ್ಮದನ್ನೇ ಹಾಕಿಬಿಡುತ್ತಾರೆ. ಲಾರಿ ಮಾಲೀಕರೊಬ್ಬರು ನನ್ನ ಬಳಿ ಬಂದಾಗ ಅವರ ಖಾತೆಯಲ್ಲಿದ್ದದ್ದು ಆ ವೇಳೆಗೆ ಅಂಗಡಿ ಮುಚ್ಚಿದ್ದ ಹಿಂದಿನವರ ಸಂಖ್ಯೆ. ರಿಟರ್ನ್ ದೋಷಪೂರಿತವೆಂದು ಬೆಂಗಳೂರಿನಲ್ಲಿ ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಕೇಂದ್ರವಾದ ಸಿಪಿಸಿ ಕಳಿಸುವ ನೋಟಿಸಿಗೆ ಉತ್ತರಿಸಲು 15 ದಿನಗಳ ಅವಕಾಶವಿರುತ್ತದೆ. ಆ ನೋಟಿಸ್ ಇವರ ಕಣ್ಣಿಗೇ ಬೀಳದೆ ರಿಟರ್ನ್ ಅಸಿಂಧುವಾಗಿತ್ತು. ಅಂದಿನಿಂದ ಹೊಸಬರ ಮೊದಲ ಭೇಟಿಯಲ್ಲಿ ನಾನು ಮೊದಲು ತೆರೆಯುವುದು ಪ್ರೊಫೈಲ್ ಪುಟವನ್ನೇ. ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ಪೂರ್ವ-ದೃಢೀಕರಣಗೊಂಡಿದೆಯೇ (ಅವರದೇ ಖಾತೆಯೆಂದು ಮೊದಲೇ ಖಚಿತವಾಗಿದೆಯೇ) ಎಂದೂ ಆಗಲೇ ನೋಡಿಬಿಡಬೇಕು.

ಶುಲ್ಕವನ್ನು ಕೆಲಸ ಹಿಡಿಯುವ ಮೊದಲೇ ಹೇಳಿ. ರೀಫಂಡಿನಲ್ಲಿ ಇಷ್ಟು ಶೇಕಡಾ ಎಂದು ಎಂದಿಗೂ ಒಪ್ಪಿಕೊಳ್ಳಬೇಡಿ, ಏಕೆಂದರೆ ಇಲ್ಲದ ದೇಣಿಗೆ, ಕಟ್ಟದ ಬಾಡಿಗೆಗಳನ್ನು ತೋರಿಸುವ ಆಸೆ ಅಲ್ಲಿಂದಲೇ ಹುಟ್ಟುತ್ತದೆ. ಹೀಗೆ ಸುಳ್ಳು ಕಡಿತಗಳನ್ನು ಹಾಕಿಕೊಡುತ್ತಿದ್ದವರ ವಿರುದ್ಧ ಆದಾಯ ತೆರಿಗೆ ಇಲಾಖೆಯು 2025ರ ಜುಲೈ 14ರಂದು ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತು. ಆದಾಯವನ್ನು ತಪ್ಪಾಗಿ ತೋರಿಸಿದ್ದಕ್ಕೆ ದಂಡ ತೆರಿಗೆಯ ಶೇ. 200ರಷ್ಟು ಆಗಬಹುದು, ಆ ದಂಡವನ್ನು ಕಟ್ಟುವವರು ನಿಮ್ಮನ್ನು ನಂಬಿ ಬಂದವರು. ‘ಪಕ್ಕದ ಕಚೇರಿಯವರು ಇನ್ನೂ ಹೆಚ್ಚು ರೀಫಂಡ್ ಕೊಡಿಸುತ್ತಾರೆ’ ಎಂದು ಯಾರಾದರೂ ಎದ್ದು ಹೋದರೆ ಹೋಗಲಿ, ರಸೀದಿಯಿಲ್ಲದ ಕಡಿತವನ್ನು ಮಾತ್ರ ಹಾಕಬೇಡಿ.

ಸಂಬಳದಾರರ ರಿಟರ್ನಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ತಡವಾದರೆ ಗೃಹಸಾಲ, ವಿಮೆಯಂಥ ಕಡಿತಗಳಿಗೆ ಅವಕಾಶವಿರುವ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳುವ ಅವಕಾಶವೇ ಕೈತಪ್ಪುವುದರಿಂದ, ಅವು ಇರುವವರನ್ನು ಜೂನ್ ತಿಂಗಳಲ್ಲೇ ಕರೆಸಿಕೊಳ್ಳಿ. ತುಂಬಿದ ರಿಟರ್ನಿನ ಕರಡನ್ನು ಮುದ್ರಿಸಿ, ಓದಿ ಹೇಳಿ, ಪ್ರತಿ ಪುಟಕ್ಕೂ ಅವರ ಸಹಿ ಪಡೆದ ಮೇಲೆಯೇ ಸಲ್ಲಿಸಿ. ಸಲ್ಲಿಸಿದ 30 ದಿನಗಳೊಳಗೆ ಇ-ವೆರಿಫೈ (ರಿಟರ್ನ್ ತಮ್ಮದೇ ಎಂದು ಆನ್‌ಲೈನ್‌ನಲ್ಲಿ ದೃಢಪಡಿಸುವುದು) ಆಗಲೇಬೇಕಾದ್ದರಿಂದ, ಆಧಾರ್ ಒಟಿಪಿ ಬರುವ ಫೋನು ಕೈಯಲ್ಲಿರುವಾಗಲೇ, ಅವರು ಕುರ್ಚಿಯಿಂದ ಏಳುವ ಮೊದಲೇ ಅದನ್ನು ಮುಗಿಸಿ, ಸ್ವೀಕೃತಿಯ ಒಂದು ಪ್ರತಿಯನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ಸಹಿಯಾದ ಕರಡಿನೊಂದಿಗೆ ಕಡತಕ್ಕೆ ಸೇರಿಸಿ.